ಥಂಡಿ ಕೋಣೆಯಲ್ಲಿ ತೊದಲಿದ ಸೀರಿಯಲ್ ಸಾಲು

ನಮ್ಮ ಸೋದರಮಾವ ಬ್ಯಾಡಗಿಯಲ್ಲಿ ಒಂದು ಕೋಲ್ಡ್ ಸ್ಟೋರೇಜ್‌ನ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಸೋಮವಾರ ಮತ್ತು ಗುರುವಾರದ ಟೆಂಡರಿನಲ್ಲಿ ದರ ಹೊಂದದ ಮೆಣಸಿನಕಾಯಿ ಚೀಲಗಳು ಅಲ್ಲಿಗೆ ಬಂದು ಅಟ್ಟಿ ಬೀಳುತ್ತವೆ. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣದ ಮೇಲೆ ಬೆಲೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಈ ಕಾಯಿ ಬಿಸಿಲಿಗೆ, ಸೆಕೆಗೆ ಕೆಂಪು ಕಳೆದುಕೊಂಡು ಮಾಸಿದರೆ ರೈತ ವರ್ಷವಿಡೀ ದುಡಿದದ್ದೂ ಅದರ ಜೊತೆಗೇ ಮಾಸುತ್ತದೆ. ಹಾಗಾಗಿ ಕೋಣೆಯೊಳಗಿನ ಉಷ್ಣತೆಯನ್ನು ಎರಡು ತಾಸಿಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದಿಡುವ ಪದ್ಧತಿ ಅಲ್ಲಿದೆ.

"ರಾತ್ರಿ ಮೂರಕ್ಕ ಎದ್ದು ಯಾರು ನೋಡ್ತಾರಪಾ? ಹಿಂದಿನ ಸಾಲು ನೋಡಿ ಮುಂದಿನ ಸಾಲು ಬರೀತಾರ. ನನಗ ಖರೇ ಅಂಕಿ ಬೇಕು" ಅಂದರು ಮಾವ. ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುವ ಹಾಗೆ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡೆ.

ಕಟ್ಟಿದ್ದು ಸರಳವಾಗಿಯೇ. ಎಟಿಮೆಗಾ328ಪಿ ಎಂಬ ಪುಟ್ಟ ಕಂಪ್ಯೂಟರ್ ಚಿಪ್, ಅಂದರೆ ಆರ್ಡುಯಿನೋ ಊನೋ ಎಂಬ ಸಿದ್ಧ ಬೋರ್ಡಿನಲ್ಲಿ ಇರುವುದೇ, ಬೋರ್ಡಿಲ್ಲದ ಬರೀ ಚಿಪ್ ತಂದು ತೂತಿನ ಬೋರ್ಡಿನ ಮೇಲೆ ಬೆಸುಗೆ ಹಾಕಿದೆ. ಅದಕ್ಕೆ ಉಷ್ಣತೆ ಅಳೆಯುವ ಮೂರು ಡಿಎಸ್18ಬಿ20 ಸೆನ್ಸರ್, ಒಂದು 4.7 ಕಿಲೋಓಮ್ ರೆಸಿಸ್ಟರ್. ಕೋಣೆಯಿಂದ ಆಫೀಸಿಗೆ ಕೇಬಲ್ ಸುತ್ತಿ ಬರುವಾಗ 35 ಮೀಟರ್ ಆಗುತ್ತದೆ. ಚಿಪ್‌ನ 5 ವೋಲ್ಟಿನ ಸೀರಿಯಲ್, ಅಂದರೆ ಬಿಟ್‌ಗಳನ್ನು (ಸೊನ್ನೆ, ಒಂದುಗಳನ್ನು) ಒಂದರ ಹಿಂದೊಂದು ಕಳಿಸುವ ಸಂಕೇತ, ಅಷ್ಟು ದೂರ ನೇರವಾಗಿ ಹೋಗುವುದನ್ನು ನಾನು ನಂಬುವುದಿಲ್ಲ, ಆದ್ದರಿಂದ ಎರಡೂ ತುದಿಗೆ ಮ್ಯಾಕ್ಸ್485 ಮಾಡ್ಯೂಲ್, ಇದು ಸಂಕೇತವನ್ನು ಎ, ಬಿ ಎಂಬ ಜೋಡಿ ವೈರಿನ ಮೇಲೆ ದೂರ ಒಯ್ಯುತ್ತದೆ. ಆಫೀಸಿನ ಕಡೆ ಸೀರಿಯಲ್ಲನ್ನು ಯುಎಸ್‌ಬಿಗೆ ಬದಲಿಸುವ ಸಿಎಚ್340 ಚಿಪ್ ಇರುವ ಯುಎಸ್‌ಬಿ ಕೋಲು, ಉಬುಂಟು 22.04 ಹಾಕಿದ ಹಳೇ ಡೆಸ್ಕ್‌ಟಾಪ್, ಸಾಲನ್ನು ಓದಿ ಫೈಲಿಗೆ ಹಾಕುವ ನಾಲ್ಕು ಸಾಲಿನ ಪೈಥಾನ್. ವೇಗ 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್. ಹತ್ತು ಸೆಕೆಂಡಿಗೊಂದು ಸಾಲು: ಮೊದಲು ಟಿ ಅಕ್ಷರ, ಸೆನ್ಸರ್ ನಂಬರ್, ಸಮ ಚಿಹ್ನೆ, ಉಷ್ಣತೆ, ಕೊನೆಗೆ ಸಿ ಅಕ್ಷರ.

ಒಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಚಿಪ್‌ಗೆ ಗಡಿಯಾರದಂತೆ ತಾಳ ಕೊಡುವ ಹೊರಗಿನ ಕ್ರಿಸ್ಟಲ್ ಹಾಕಿರಲಿಲ್ಲ. ಅದೇ ಕೆಲಸ ಮಾಡುವ 8 ಮೆಗಾಹರ್ಟ್ಸ್ ಆಸಿಲೇಟರ್ ಒಳಗೇ ಇದೆ, ಮೂರು ಬಿಡಿಭಾಗ ಉಳಿಯುತ್ತವೆ ಎಂದು ಅದರ ಮೇಲೆಯೇ ಓಡಿಸಿದ್ದೆ.

ಮೊದಲ ದಿನ ಪೋರ್ಟೇ ಕಾಣಲಿಲ್ಲ. ಕೋಲು ಚುಚ್ಚಿದರೆ ಅದರ ದೀಪ ಹತ್ತುತ್ತದೆ, ಕಂಪ್ಯೂಟರ್‌ನಲ್ಲಿ ಮಾತ್ರ ಸೀರಿಯಲ್ ಪೋರ್ಟ್ ಇಲ್ಲ. ಕರ್ನೆಲ್ಲಿನ ಸಂದೇಶ ತೆಗೆದು ನೋಡಿದರೆ ಪೋರ್ಟ್ ಹುಟ್ಟಿ ಕ್ಷಣದಲ್ಲೇ ಕಡಿದುಹೋಗಿತ್ತು. ಕುರುಡರಿಗಾಗಿ ಬ್ರೈಲ್ ಫಲಕ ನಡೆಸುವ ಬಿಆರ್‌ಎಲ್‌ಟಿಟಿವೈ ಎಂಬ ತಂತ್ರಾಂಶ ಉಬುಂಟು 22.04ರಲ್ಲಿ ಮೊದಲೇ ಇರುತ್ತದೆ. ಕೆಲವು ಬ್ರೈಲ್ ಫಲಕಗಳಿಗೂ ಸಿಎಚ್340ಕ್ಕೂ ಯುಎಸ್‌ಬಿ ಗುರುತಿನ ಸಂಖ್ಯೆ ಒಂದೇ, ಹಾಗಾಗಿ ಅದು ಈ ಕೋಲನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ. ಆಫೀಸಿನಲ್ಲಿ ಅದನ್ನು ಬಳಸುವವರು ಯಾರೂ ಇರಲಿಲ್ಲ, ತೆಗೆದುಹಾಕಿದೆ. ನಿಮ್ಮಲ್ಲಿ ಬಳಸುವವರಿದ್ದರೆ ತೆಗೆಯಬೇಡಿ, ಬೇರೆ ಚಿಪ್‌ನ ಕೋಲು ತನ್ನಿ. ಪೋರ್ಟ್ ಬಂದ ಮೇಲೆ ಅನುಮತಿ ಇಲ್ಲ ಎಂದಿತು. ಬಳಕೆದಾರನನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿಯಿರುವ ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಬಂದಾಗ ಅದೂ ಸರಿಹೋಯಿತು.

ಆಮೇಲೆ ನಾನು ಪ್ರತಿ ಸಲ ಮಾಡುವ ಪರೀಕ್ಷೆ: ಕೋಲಿನ ಟಿಎಕ್ಸ್ (ಕಳಿಸುವ) ಮತ್ತು ಆರ್‌ಎಕ್ಸ್ (ಕೇಳುವ) ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿ, ಟರ್ಮಿನಲ್ಲಿನಲ್ಲಿ ಏನಾದರೂ ಟೈಪ್ ಮಾಡುವುದು. ಟೈಪ್ ಮಾಡಿದ್ದೇ ತಿರುಗಿ ಬಂದರೆ ಕಂಪ್ಯೂಟರ್, ಡ್ರೈವರ್, ಕೋಲು ಮೂರೂ ಸರಿ. ತಿರುಗಿ ಬಂತು. ಆದರೆ ಈ ಪರೀಕ್ಷೆ ವೇಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೋಲು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತದೆ, ಗಡಿಯಾರ ಎರಡೂ ಕಡೆ ಒಂದೇ.

ಬೋರ್ಡ್ ಜೋಡಿಸಿದಾಗ ಮೊದಲ ಸಾಲಿನಿಂದಲೇ ಕಸ ಬಂತು. ಮ್ಯಾಕ್ಸ್485ರ ಎ ಮತ್ತು ಬಿ ವೈರುಗಳು ಅದಲುಬದಲಾಗಿದ್ದವು. ಹಾಗಾದಾಗ ಸೊನ್ನೆ ಒಂದಾಗಿ, ಒಂದು ಸೊನ್ನೆಯಾಗಿ ಬರುತ್ತದೆ. ಎರಡು ಸ್ಕ್ರೂ ಸಡಿಲಿಸಿ ಬದಲಿಸಿದೆ, ಸಾಲುಗಳು ನೆಟ್ಟಗೆ ಬಂದವು. ಮೇಜಿನ ಮೇಲೆ, 35 ಮೀಟರ್ ಕೇಬಲ್ ಸಿಂಬಿ ಸುತ್ತಿಟ್ಟುಕೊಂಡೇ, ಎರಡು ತಾಸು ಓಡಿಸಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ಡಬ್ಬಿ ಮುಚ್ಚಿ ಕೋಣೆಯೊಳಗೆ ಗೋಡೆಗೆ ಬಿಗಿದು, ಸಂಜೆ ಬಸ್ಸಿಗೆ ಹಾವೇರಿಗೆ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಮಾವನ ಫೋನು. "ಏನೇನೋ ಚಿತ್ರಾ ಮೂಡ್ಯಾವಪಾ ಇದರಾಗ."

ಹೋಗಿ ಫೈಲ್ ನೋಡಿದೆ. ಡಬ್ಬಿ ಒಳಗಿಟ್ಟ ಮೊದಲ ಇಪ್ಪತ್ತು ನಿಮಿಷ ಸರಿಯಿದೆ. ಆಮೇಲೆ ಅಲ್ಲೊಂದು ಇಲ್ಲೊಂದು ಅಕ್ಷರ ಕೆಟ್ಟಿದೆ. ಅರ್ಧ ತಾಸು ದಾಟಿದ ಮೇಲೆ ಹೆಚ್ಚುಕಡಿಮೆ ಪ್ರತಿ ಸಾಲೂ ಕೆಟ್ಟಿದೆ.

ನನ್ನ ಅನುಮಾನ ಸೀದಾ ಕಂಪ್ರೆಸರ್ ಮೇಲೆ ಹೋಯಿತು. ದೊಡ್ಡ ತ್ರೀ-ಫೇಸ್ ಮೋಟರು, ಅದರ ವೈರಿನ ಪಕ್ಕದಲ್ಲೇ ಒಂದಷ್ಟು ದೂರ ನನ್ನ ಕೇಬಲ್ಲೂ ಹೋಗಿದೆ. ಯಾರನ್ನು ಕೇಳಿದರೂ ಕೇಬಲ್ಲಿಗೆ ವಿದ್ಯುತ್ತಿನ ಗದ್ದಲ ಹೊಕ್ಕಿದೆ ಎಂದೇ ಹೇಳುತ್ತಾರೆ. ಇಡೀ ದಿನ ಅದಕ್ಕೇ ಹೋಯಿತು. ಕೇಬಲ್ಲನ್ನು ಮೋಟರಿನ ವೈರಿನಿಂದ ಬೇರೆ ಮಾಡಿ ಮೇಲಿನಿಂದ ಎಳೆದೆ. ಎ ಮತ್ತು ಬಿ ಒಂದೇ ಹುರಿಯ ಜೋಡಿಯಲ್ಲಿವೆಯೇ ಎಂದು ಎರಡೂ ತುದಿ ಬಿಚ್ಚಿ ನೋಡಿದೆ. ಎರಡೂ ತುದಿಗೆ ಸಂಕೇತ ತಿರುಗಿ ಬಡಿಯದಂತೆ ತಡೆಯುವ 120 ಓಮ್ ರೆಸಿಸ್ಟರ್ ಇದೆಯೇ ಎಂದು ಅಳೆದೆ. ಎರಡೂ ಬೋರ್ಡಿನ ಗ್ರೌಂಡ್ ಕೂಡಿಸಿದೆ. ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು, ಸೀನಿನ ಮೇಲೆ ಸೀನು. ಏಣಿ ಇಳಿದು ಬಂದು ನೋಡಿದರೆ ಪರದೆಯ ಮೇಲೆ ಅದೇ ಕಸ.

ಆಗ ಬಂದವರು ಅಲ್ಲಿನ ಆಪರೇಟರ್ ಕಾಕಾ. ಓದು ಬರಹಕ್ಕಿಂತ ಕಿವಿಯ ಮೇಲೆ ಯಂತ್ರ ನಡೆಸುವವರು, ಕಂಪ್ರೆಸರಿನ ದನಿ ಬದಲಾದರೆ ಮಲಗಿದಲ್ಲಿಂದ ಎದ್ದು ಬರುತ್ತಾರೆ. ನನ್ನ ಓಡಾಟವನ್ನು ಮುಂಜಾನೆಯಿಂದ ನೋಡುತ್ತಿದ್ದರು.

"ತಮ್ಮಾ, ಮೋಟರಿಂದು ಬಿಡು. ಮೋಟರ್ ಚಾಲೂ ಇದ್ರೂ ಹಂಗ ಐತಿ, ಬಂದ್ ಆದ್ರೂ ಹಂಗ ಐತಿ. ಡಬ್ಬಿ ಹೊರಗ ಇಟ್ರ ಛಲೋ ಮಾತಾಡತೈತಿ, ಒಳಗ ಇಟ್ಟು ಅರ್ಧ ತಾಸಿಗೆ ತೊದಲಾಕ ಹತ್ತತೈತಿ. ಅದಕ್ಕ ಥಂಡಿ ಆಗೇತಿ."

ಅವರ ಮಾತನ್ನು ಫೈಲಿನ ಜೊತೆ ಹೋಲಿಸಿ ನೋಡಿದೆ. ಕಂಪ್ರೆಸರ್ ನಿಂತ ವೇಳೆ ಅವರ ನೋಟ್‌ಬುಕ್ಕಿನಲ್ಲಿ ಇತ್ತು. ಆ ಹೊತ್ತಿನ ಸಾಲುಗಳೂ ಅಷ್ಟೇ ಕೆಟ್ಟಿದ್ದವು. ಗದ್ದಲದ ಮಾತು ಅಲ್ಲಿಗೆ ಮುಗಿಯಿತು.

ಇನ್ನು ಕಸವನ್ನೇ ಹತ್ತಿರದಿಂದ ನೋಡಬೇಕಿತ್ತು. ಈ ಕೆಲಸ ಮೊದಲೇ ಮಾಡಬೇಕಾಗಿತ್ತು, ಏಣಿ ಹತ್ತುವ ಮುಂಚೆ. ಪರದೆಯ ಮೇಲೆ ಟಿ ಇರಬೇಕಾದಲ್ಲಿ ಟೋಪಿ ಹಾಕಿಕೊಂಡ ಓ, ಸಿ ಇರಬೇಕಾದಲ್ಲಿ ನೆತ್ತಿಯ ಮೇಲೆ ಅಲೆಯಿರುವ ಎ. ನಡುವಿನ ಅಂಕಿ, ಚುಕ್ಕೆ, ಸಮ ಚಿಹ್ನೆ ಬಹುಮಟ್ಟಿಗೆ ನೆಟ್ಟಗಿವೆ. ಗದ್ದಲ ಹೀಗೆ ಅಕ್ಷರ ಆರಿಸಿಕೊಂಡು ಹೊಡೆಯುವುದಿಲ್ಲ. ಪೈಥಾನಿನಲ್ಲಿ ಪ್ರತಿ ಬೈಟನ್ನೂ, ಅಂದರೆ ಒಂದು ಅಕ್ಷರದ ಎಂಟು ಬಿಟ್‌ಗಳನ್ನು, ಅಂಕಿಯಾಗಿಯೇ ಮುದ್ರಿಸಿದೆ. ಟಿ ಅಂದರೆ 84, ಬಂದದ್ದು 212. ಸಿ ಅಂದರೆ 67, ಬಂದದ್ದು 195. ಎರಡರಲ್ಲೂ ವ್ಯತ್ಯಾಸ ಸರಿಯಾಗಿ 128. ಅಂದರೆ ಎಂಟು ಬಿಟ್‌ಗಳಲ್ಲಿ ಕೊನೆಗೆ ಬರುವ, 128 ಬೆಲೆಯ ಒಂದೇ ಒಂದು ಬಿಟ್ ಸೊನ್ನೆಯ ಬದಲು ಒಂದಾಗಿದೆ, ಉಳಿದ ಏಳೂ ಸರಿ.

ಆ ಎರಡು ಸಂಖ್ಯೆ ಹಾಳೆಯ ಮೇಲೆ ಬರೆದುಕೊಂಡಾಗ ನನ್ನ ಕೈ ನಿಂತುಬಿಟ್ಟಿತು. ಸೀರಿಯಲ್ಲಿನಲ್ಲಿ ಎರಡೂ ಕಡೆಗೆ ಸಾಮಾನ್ಯ ಗಡಿಯಾರ ಇರುವುದಿಲ್ಲ. ಕಳಿಸುವವನು ಆರಂಭದ ಬಿಟ್‌ಗೆ ಗೆರೆಯನ್ನು ಕೆಳಗಿಳಿಸುತ್ತಾನೆ. ಕೇಳುವವನು ಆ ಒಂದು ಇಳಿತವನ್ನು ಹಿಡಿದು, ಅಲ್ಲಿಂದ ತನ್ನ ಗಡಿಯಾರದ ಮೇಲೆ ಎಣಿಸುತ್ತಾ ಒಂದೊಂದು ಬಿಟ್‌ನ ನಡುಮಧ್ಯದಲ್ಲಿ ನೋಡುತ್ತಾನೆ. ಭಜನೆಯಲ್ಲಿ ಇಬ್ಬರು ಕೂಡಿಯೇ ತಾಳ ಶುರು ಮಾಡಿ, ಒಬ್ಬ ಸ್ವಲ್ಪ ನಿಧಾನವಾದರೆ ಮೊದಲ ಪೆಟ್ಟುಗಳಲ್ಲಿ ಗೊತ್ತಾಗುವುದಿಲ್ಲ, ಸಾಲಿನ ಕೊನೆಗೆ ಹೋದಾಗ ಬೇರೆ ಬೇರೆ ಕೇಳಿಸುತ್ತದೆ. ಇಲ್ಲಿಯೂ ತಪ್ಪುವುದು ಕೊನೆಯ ಬಿಟ್‌ಗಳೇ. ಟಿ, ಸಿ ಅಕ್ಷರಗಳ ಏಳನೇ ಬಿಟ್ ಒಂದು, ಎಂಟನೆಯದು ಸೊನ್ನೆ. ಎಂಟನೆಯದನ್ನು ಓದಬೇಕಾದ ಹೊತ್ತಿಗೆ ಗೆರೆಯ ಮೇಲೆ ಇನ್ನೂ ಏಳನೆಯದೇ ಇದ್ದರೆ 128 ಸೇರಿಕೊಳ್ಳುತ್ತದೆ. ಅಂಕಿಗಳಲ್ಲಿ, ಚುಕ್ಕೆಯಲ್ಲಿ, ಸಮ ಚಿಹ್ನೆಯಲ್ಲಿ ಏಳನೆಯದೂ ಸೊನ್ನೆಯೇ. ಅಲ್ಲಿ ತಪ್ಪಿ ಓದಿದರೂ ಉತ್ತರ ಸರಿಯಾಗಿಯೇ ಬರುತ್ತದೆ. ನನ್ನ ಚಿಪ್ ನಿಧಾನವಾಗಿತ್ತು.

ಚಿಪ್ ಥಂಡಿಗೆ ನಿಧಾನವಾಗುತ್ತಿದೆಯೋ ಇಲ್ಲವೋ ನೋಡಲು ಕೈಯಲ್ಲಿ ಬೇರೆ ಉಪಕರಣ ಇರಲಿಲ್ಲ. ಸ್ವೆಟರ್ ಹಾಕಿಕೊಂಡು ಕೋಣೆಯೊಳಗೆ ಹೋದೆ. ಚೀಲಗಳ ಅಟ್ಟಿಯ ನಡುವಿನ ಸಂದಿಯಲ್ಲಿ ನಿಂತು ಡಬ್ಬಿಯ ಮುಚ್ಚಳ ತೆಗೆದೆ. ಸೆನ್ಸರ್ 6 ಡಿಗ್ರಿ ಹೇಳುತ್ತಿತ್ತು. ಎರಡೂ ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಪಿನ್ನುಗಳಿಗೆ ತಾಗದ ಹಾಗೆ, ಚಿಪ್‌ನ ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ. ಆಫೀಸಿನಲ್ಲಿ ಪರದೆಯ ಮುಂದೆ ಕಾಕಾ ಕೂತಿದ್ದರು, ಫೋನ್ ಚಾಲೂ ಇತ್ತು.

"ಟೋಪಿ ಐತಿ... ಟೋಪಿ ಐತಿ... ಟೋಪಿ ಐತಿ..." ಎನ್ನುತ್ತಿದ್ದರು. ಒಂದು ನಿಮಿಷ ಆಗಿರಬೇಕು, ಹೆಬ್ಬೆರಳು ಮರಗಟ್ಟತೊಡಗಿತ್ತು. "ಹೋತು! ಟಿ ಬಂತ ನೋಡು!"

ಬೆರಳು ತೆಗೆದೆ. ಸ್ವಲ್ಪ ಹೊತ್ತಿಗೆ ಮತ್ತೆ ಟೋಪಿ ಬಂತು. ಮತ್ತೆ ಬೆರಳಿಟ್ಟೆ, ಹೋಯಿತು. ಮೂರು ಸಲ ಹೀಗೆ ಮಾಡಿದೆವು. ಮೂರೂ ಸಲ ಒಂದೇ ಉತ್ತರ.

ಗೊತ್ತಾದದ್ದನ್ನು ಅಳೆದು ನೋಡಬೇಕೆನಿಸಿತು. ಇದಕ್ಕೆ ಆಸಿಲ್ಲೋಸ್ಕೋಪ್ ಬೇಕೇಬೇಕೆಂದೇನೂ ಇಲ್ಲ, ಹರ್ಟ್ಸ್ ಅಳೆಯುವ ಮಲ್ಟಿಮೀಟರ್ ಸಾಕು. ಇಂಗ್ಲಿಷಿನ ದೊಡ್ಡ ಯು ಅಕ್ಷರದ ಬಿಟ್‌ಗಳು 1, 0, 1, 0 ಎಂದು ಪರ್ಯಾಯವಾಗಿವೆ. ಆರಂಭದ ಸೊನ್ನೆ, ಅಕ್ಷರ ಮುಗಿಯಿತೆಂದು ಹೇಳುವ ನಿಲುಗಡೆಯ ಒಂದು ಸೇರಿದರೆ ಹತ್ತೂ ಬಿಟ್‌ಗಳು ಏರಿಳಿತದ ಸರಪಳಿಯಾಗುತ್ತವೆ. ನಡುವೆ ಬಿಡುವಿಲ್ಲದೆ ಯು ಕಳಿಸುತ್ತಾ ಹೋದರೆ ಟಿಎಕ್ಸ್ ಪಿನ್ನಿನಲ್ಲಿ ಅಚ್ಚುಕಟ್ಟಾದ ಚೌಕ ಅಲೆ ಬರುತ್ತದೆ, ಅದರ ಆವರ್ತನ ಬಾಡ್‌ನ ಅರ್ಧ. 9600ಕ್ಕೆ ಮೀಟರ್ 4.80 ಕಿಲೋಹರ್ಟ್ಸ್ ತೋರಿಸಬೇಕು. ಯು ಮಾತ್ರ ಕಳಿಸುವ ಎರಡು ಸಾಲಿನ ಪ್ರೋಗ್ರಾಮ್ ಹಾಕಿ, ಚಿಪ್‌ನ 3ನೇ ಪಿನ್ನಿಗೆ ಕೆಂಪು ಮೊನೆ, 8ನೇ ಪಿನ್ನಿಗೆ ಕಪ್ಪು ಮೊನೆ ಹಿಡಿದೆ. ಆಫೀಸಿನಲ್ಲಿ, ಮಾರ್ಚ್‌ನ ಸೆಕೆಯಲ್ಲಿ, 4.58. ಕೋಣೆಯೊಳಗೆ ಅರ್ಧ ತಾಸು ಇಟ್ಟ ಮೇಲೆ 4.51.

ಲೆಕ್ಕ ಹಾಕಿದೆ. 9600ರಲ್ಲಿ ಒಂದು ಬಿಟ್ 104 ಮೈಕ್ರೋಸೆಕೆಂಡಿನಷ್ಟು. ಕಂಪ್ಯೂಟರ್ ಕಡೆಯ ಕೋಲು ಎಂಟನೇ ಬಿಟ್‌ನ ನಡುಮಧ್ಯ ಎಂದು ನೋಡುವುದು ಇಳಿತದಿಂದ 885ನೇ ಮೈಕ್ರೋಸೆಕೆಂಡಿಗೆ. 4.51ರ ಲೆಕ್ಕದಲ್ಲಿ ನನ್ನ ಚಿಪ್‌ನ ಬಿಟ್ ಸುಮಾರು 111 ಮೈಕ್ರೋಸೆಕೆಂಡ್, ಅದರ ಎಂಟನೇ ಬಿಟ್ ಶುರುವಾಗುವುದೇ 887ಕ್ಕೆ. ಎರಡೇ ಮೈಕ್ರೋಸೆಕೆಂಡಿನ ಅಂತರ. ಅದಕ್ಕೇ ಮೊದಮೊದಲು ಅಲ್ಲೊಂದು ಇಲ್ಲೊಂದು ತಪ್ಪಿದ್ದು. ಸೆಕೆಯಲ್ಲಿ, 4.58ಕ್ಕೆ, ಎಂಟನೇ ಬಿಟ್ 873ಕ್ಕೇ ಶುರುವಾಗಿರುತ್ತಿತ್ತು. ನಿಲುಗಡೆಯ ಬಿಟ್ ಕೂಡ 7 ಮೈಕ್ರೋಸೆಕೆಂಡ್ ಉಳಿದಿರುವಾಗ ಪಾರಾಗುತ್ತಿತ್ತು. ಮೇಜಿನ ಮೇಲೆ ಎರಡು ತಾಸು ಸರಿಯಾಗಿ ಓಡಿತು ಎಂದು ನಾನು ನೆಚ್ಚಿಕೊಂಡದ್ದು ಈ 7 ಮೈಕ್ರೋಸೆಕೆಂಡನ್ನು.

ಇದೇ ಲೆಕ್ಕದಲ್ಲಿ ಥಂಡಿಯಲ್ಲಿ ನಿಲುಗಡೆಯ ಬಿಟ್ ಕೂಡ ತಪ್ಪಾಗಿಯೇ ಓದಿರಬೇಕು. ನನ್ನ ಕೋಲು ಅದನ್ನು ಲೆಕ್ಕಿಸದೆ ಬೈಟನ್ನು ಒಪ್ಪಿಸಿತು. ಬೇರೆ ಚಿಪ್ ಅಂಥ ಬೈಟನ್ನು ಎಸೆದುಬಿಡಬಹುದು. ಆಗ ನಿಮಗೆ ಕಸ ಕಾಣುವುದಿಲ್ಲ, ಖಾಲಿ ಕಾಣುತ್ತದೆ. ಕಾಯಿಲೆ ಅದೇ.

ಗಡಿಯಾರ ಇಷ್ಟು ಸುಳ್ಳಾಗಿದ್ದರೂ ಉಷ್ಣತೆಯ ಅಂಕಿ ಏಕೆ ಕೆಡಲಿಲ್ಲ ಎಂದು ಮಾವ ಕೇಳಿದರು, ಒಳ್ಳೆಯ ಪ್ರಶ್ನೆ. ಡಿಎಸ್18ಬಿ20 ಜೊತೆಗಿನ ಮಾತಿನಲ್ಲಿ ಪ್ರತಿ ಬಿಟ್‌ಗೂ ಚಿಪ್ ಹೊಸದಾಗಿ ಗೆರೆ ಇಳಿಸಿ ಶುರು ಮಾಡುತ್ತದೆ, ಬಿಟ್‌ನ ಕಾಲಾವಧಿಗೂ 60ರಿಂದ 120 ಮೈಕ್ರೋಸೆಕೆಂಡಿನ ಸಡಿಲಿಕೆ ಇದೆ. ತಪ್ಪು ಕೂಡುತ್ತಾ ಹೋಗುವುದಿಲ್ಲ. ಉಷ್ಣತೆಯನ್ನು ಅಳೆಯುವುದು ಸೆನ್ಸರಿನ ಒಳಗಿನ ಕೆಲಸ, ನನ್ನ ಚಿಪ್‌ನ ಗಡಿಯಾರಕ್ಕೆ ಅಲ್ಲಿ ಪಾತ್ರವಿಲ್ಲ.

ಎಟಿಮೆಗಾದ ಒಳಗಿನ ಆಸಿಲೇಟರ್ ಕಾರ್ಖಾನೆಯಿಂದ ಬರುವಾಗಲೇ ಶೇಕಡಾ 10ರಷ್ಟು ಆಚೀಚೆ ಇರಬಹುದು ಎಂದು ತಯಾರಕರ ಡೇಟಾಶೀಟ್ ಸ್ಪಷ್ಟವಾಗಿ ಬರೆದಿದೆ. ಉಷ್ಣತೆಗೆ, ವೋಲ್ಟೇಜಿಗೆ ತಕ್ಕಂತೆ ಜರುಗುತ್ತದೆ ಎಂದೂ ಇದೆ. ಚಿಪ್‌ನೊಳಗೆ ಆಸ್‌ಕ್ಯಾಲ್ ಎಂಬ ರಿಜಿಸ್ಟರಿನಲ್ಲಿ (ಅಂಕಿ ಇಡುವ ಜಾಗದಲ್ಲಿ) ಅಂಕಿ ಬದಲಿಸಿ ಇದನ್ನು ತಿದ್ದಬಹುದು. ಆದರೆ ಯಾವ ಉಷ್ಣತೆಯಲ್ಲಿ ತಿದ್ದಬೇಕು? ಕೋಣೆಗೆ ಹೊಸ ಚೀಲ ತುಂಬುವಾಗ ಬಾಗಿಲು ತಾಸುಗಟ್ಟಲೆ ತೆರೆದಿರುತ್ತದೆ, ಕರೆಂಟ್ ಹೋಗುತ್ತದೆ. ಆ ಹೊತ್ತಿನ ಅಂಕಿಯೇ ಮಾವನಿಗೆ ಎಲ್ಲಕ್ಕಿಂತ ಮುಖ್ಯ. ಹಾಗಾಗಿ ಕ್ರಿಸ್ಟಲ್ ಹಾಕುವುದೇ ಸರಿ ಎಂದು ನಿರ್ಧರಿಸಿದೆ.

ಹಾವೇರಿಯಲ್ಲಿ ನಾನು ಕೇಳಿದ ಅಂಗಡಿಯಲ್ಲಿ ಇರಲಿಲ್ಲ, ಹುಬ್ಬಳ್ಳಿಗೆ ಹೋಗಿ ತಂದೆ. 16 ಮೆಗಾಹರ್ಟ್ಸ್ ಕ್ರಿಸ್ಟಲ್, 22 ಪಿಕೋಫ್ಯಾರಡ್‌ನ ಎರಡು ಸೆರಾಮಿಕ್ ಕೆಪಾಸಿಟರ್. ಬಸ್ ಚಾರ್ಜಿನ ಮುಂದೆ ಇವುಗಳ ಬೆಲೆ ಲೆಕ್ಕಕ್ಕೇ ಇಲ್ಲ. ಕ್ರಿಸ್ಟಲ್ 9 ಮತ್ತು 10ನೇ ಪಿನ್ನಿನ ನಡುವೆ, ಚಿಪ್‌ಗೆ ಅಂಟಿದ ಹಾಗೆ, ಕಾಲು ಎಷ್ಟು ಗಿಡ್ಡ ಆದೀತೋ ಅಷ್ಟು ಗಿಡ್ಡ. ಎರಡೂ ಪಿನ್ನಿನಿಂದ ಗ್ರೌಂಡಿಗೆ ಒಂದೊಂದು ಕೆಪಾಸಿಟರ್.

ಬೆಸುಗೆ ಹಾಕಿದರೆ ಮುಗಿಯಲಿಲ್ಲ, ಹೊರಗಿನ ಕ್ರಿಸ್ಟಲ್ ಬಳಸು ಎಂದು ಚಿಪ್‌ಗೆ ಫ್ಯೂಸ್, ಅಂದರೆ ಕರೆಂಟ್ ಹೋದರೂ ಉಳಿಯುವ ಒಳಗಿನ ಸೆಟ್ಟಿಂಗ್, ಬರೆದು ಹೇಳಬೇಕು. ಊನೋ ಬೋರ್ಡನ್ನೇ ಪ್ರೋಗ್ರಾಮರ್, ಅಂದರೆ ಚಿಪ್‌ಗೆ ಬರೆಯುವ ಸಾಧನ, ಮಾಡಿಕೊಂಡೆ. ಅದು ನಡುವೆ ತಾನೇ ರಿಸೆಟ್ ಆಗದಂತೆ ಅದರ ರಿಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು. ಗಡಿಯಾರ ಆರಿಸುವ ಲೋ ಫ್ಯೂಸ್ ಇ2 ಇದ್ದದ್ದನ್ನು ಎಫ್‌ಎಫ್ ಮಾಡಿದೆ. ಕ್ರಿಸ್ಟಲ್ ಕೂಡಿಸುವ ಮೊದಲು ಈ ಫ್ಯೂಸ್ ಬರೆದರೆ ಚಿಪ್‌ಗೆ ಗಡಿಯಾರವೇ ಇಲ್ಲದಂತಾಗಿ, ಪ್ರೋಗ್ರಾಮರ್‌ಗೂ ಓಗೊಡುವುದಿಲ್ಲ. ಹೆದರಬೇಡಿ, ಕ್ರಿಸ್ಟಲ್ ಕೂಡಿಸಿದರೆ ಎದ್ದು ಕೂರುತ್ತದೆ. ಇನ್ನೊಂದು, ಪ್ರೋಗ್ರಾಮನ್ನು 16 ಮೆಗಾಹರ್ಟ್ಸ್ ಎಂದು ಬದಲಿಸಿ ಮತ್ತೆ ಕಂಪೈಲ್ ಮಾಡಬೇಕು. ನಾನು ಮೊದಲು 8ರ ಪ್ರೋಗ್ರಾಮನ್ನೇ ಬಿಟ್ಟಿದ್ದೆ, ಮೀಟರ್ 9.61 ತೋರಿಸಿತು. ಎಲ್ಲವೂ ಎರಡು ಪಟ್ಟು ವೇಗ.

ಸರಿಯಾದ ಪ್ರೋಗ್ರಾಮ್ ಹಾಕಿದ ಮೇಲೆ 4.81. ಆ ಕೊನೆಯ 1 ಕೂಡ ಲೆಕ್ಕದ ಪ್ರಕಾರವೇ ಬಂದದ್ದು: ಬಾಡ್‌ಗಾಗಿ ಚಿಪ್ ಮಾಡುವಂತೆ 16 ಮೆಗಾಹರ್ಟ್ಸನ್ನು 16ರಿಂದ, ಆಮೇಲೆ 104ರಿಂದ ಭಾಗಿಸಿದರೆ 9615, ಅದರ ಅರ್ಧ 4.81. ಶೇಕಡಾ 0.2ರಷ್ಟು ಹೆಚ್ಚು, ಸೀರಿಯಲ್ಲಿಗೆ ಏನೂ ಅಲ್ಲ. ಡಬ್ಬಿಯನ್ನು ಕೋಣೆಯೊಳಗಿಟ್ಟು ಅರ್ಧ ತಾಸಿನ ಬದಲು ಎರಡು ತಾಸು ಕಾದೆ. ಆಗಲೂ 4.81. ಥಂಡಿಯಲ್ಲಿ ಮೀಟರೇ ಸುಳ್ಳು ಹೇಳುತ್ತಿದೆಯೇನೋ ಎಂಬ ಅನುಮಾನವೂ ಅಲ್ಲಿಗೆ ಹೋಯಿತು.

ಡಬ್ಬಿಯನ್ನು ಒಳಗೆ ಹೊರಗೆ ಓಡಾಡಿಸಿದ್ದಕ್ಕೆ ಬೋರ್ಡಿನ ಮೇಲೆ ಇಬ್ಬನಿಯಂತೆ ನೀರು ಕೂತಿತ್ತು. ಪೂರ್ತಿ ಒಣಗಿಸಿ, ತಾಮ್ರದ ಬದಿಗೆ ವಾರ್ನಿಷ್ ಬಳಿದು, ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿದೆ. ಕೇಬಲ್ ಒಳಹೋಗುವ ತೂತನ್ನು ಡಬ್ಬಿಯ ಕೆಳಬದಿಗೆ ಮಾಡಿಕೊಂಡೆ, ನೀರು ವೈರಿನ ಗುಂಟ ಒಳಗೆ ಇಳಿಯಬಾರದೆಂದು. ಮೋಟರಿನಿಂದ ದೂರ ಎಳೆದ ಕೇಬಲ್ಲನ್ನು ಹಾಗೆಯೇ ಬಿಟ್ಟಿದ್ದೇನೆ, ಆ ದುಡಿಮೆ ಅಲ್ಲೇ ಇರಲಿ.

ಗುರುವಾರ ಟೆಂಡರ್ ಮುಗಿದ ಸಂಜೆ ಚೀಲಗಳು ಬಂದವು, ಬಾಗಿಲು ರಾತ್ರಿ ಒಂಬತ್ತರವರೆಗೆ ತೆರೆದೇ ಇತ್ತು. ಮರುದಿನ ಮುಂಜಾನೆ ಮಾವ ಫೈಲಿನ ಸಾಲುಗಳನ್ನು ಮುದ್ರಿಸಿ ಮೇಜಿನ ಮೇಲೆ ಹಾಸಿದರು. ಬಾಗಿಲ ಬಳಿಯ ಸೆನ್ಸರ್ 14ರವರೆಗೆ ಏರಿತ್ತು, ಮೂಲೆಯದು 8 ದಾಟಿರಲಿಲ್ಲ. ರಾತ್ರಿ ಮೂರಕ್ಕೆ ಮೂರೂ 6ರ ಆಸುಪಾಸಿಗೆ ಬಂದಿದ್ದವು. ಕಾಕಾ ತಮ್ಮ ನೋಟ್‌ಬುಕ್ ತಂದು ಪಕ್ಕದಲ್ಲಿಟ್ಟರು. ಮೂರು ಗಂಟೆಯ ಸಾಲಿನಲ್ಲಿ ಅವರ ಕೈಬರಹದಲ್ಲಿ 6 ಇತ್ತು. "ನಾ ಎದ್ದು ನೋಡೇ ಬರದೀನ್ರಿ" ಅಂದರು ಮಾವನಿಗೆ.

ಮಾವ ನೋಟ್‌ಬುಕ್ಕಿನ ಹಿಂದಿನ ಹಾಳೆ ತಿರುವದೆ ಮುಚ್ಚಿಟ್ಟು, ಉಳಿದ ಎರಡು ಕೋಣೆಗಳಿಗೆ ಡಬ್ಬಿ ಯಾವಾಗ ಕಟ್ಟಿಕೊಡುತ್ತೀ ಎಂದು ನನ್ನ ಕಡೆ ತಿರುಗಿದರು. ಅವಕ್ಕೆ ಬೇಕಾದ ಕ್ರಿಸ್ಟಲ್ಲುಗಳನ್ನು ಹುಬ್ಬಳ್ಳಿಯಿಂದ ಬರುವಾಗಲೇ ತಂದಿಟ್ಟುಕೊಂಡಿದ್ದೆ.